ಓದುಗರ ಪ್ರಶ್ನೆ: ಪರದೆ ಸರಿ ಎನ್ನುತ್ತದೆ, ನೆಲ ಒಪ್ಪುವುದಿಲ್ಲ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರೆ ಮುಕ್ಕಾಲು ಪಾಲು ಒಂದೇ ದೂರು: ಮಣ್ಣು ಅಗೆದು ಮಟ್ಟ ಮಾಡುವ ಯಂತ್ರದ ಪರದೆ ಒಂದು ಹೇಳುತ್ತದೆ, ಅಗೆದ ನೆಲ ಇನ್ನೊಂದು ಹೇಳುತ್ತದೆ. ಕೆಲವರು ದೂರಿನ ಜೊತೆಗೆ ತಾವು ಈಗಾಗಲೇ ಬದಲಿಸಿದ ಬಿಡಿಭಾಗಗಳ ಪಟ್ಟಿಯನ್ನೂ ಬರೆದಿದ್ದಾರೆ. ಆ ಪಟ್ಟಿ ಓದುವುದೇ ಸಂಕಟ. ಇಪ್ಪತ್ತಾರು ವರ್ಷ ಈ ಯಂತ್ರಗಳ ಅಡಿಯಲ್ಲಿ ಮಲಗಿ ಎದ್ದವನು ನಾನು. ಮೊದಲು ಹೈಡ್ರಾಲಿಕ್ ಮೆಕ್ಯಾನಿಕ್ ಆಗಿ, ಆಮೇಲೆ ಲೇಸರ್, ಉಪಗ್ರಹ, ಸೆನ್ಸರುಗಳ ಬೆನ್ನು ಹತ್ತಿ. ನಿಜವಾಗಿ ಸತ್ತ ಸೆನ್ಸರುಗಳನ್ನು ಕಂಡದ್ದು ಕಡಿಮೆ. ಜೀವ ಇರುವಾಗಲೇ ಕಿತ್ತು ಮೂಲೆಗೆ ಎಸೆದದ್ದನ್ನು ಕಂಡದ್ದು ಬಹಳ.

ಹೊಸ ಓದುಗರಿಗಾಗಿ ಒಂದು ಮಾತು. ಗೈಡೆನ್ಸ್ ಎಂದರೆ ಎಲ್ಲಿ ಎಷ್ಟು ಅಗೆಯಬೇಕು ಎಂದು ಆಪರೇಟರ್‌ಗೆ ತೋರಿಸುವುದು, ಅಷ್ಟೇ. ಕಂಟ್ರೋಲ್ ಎಂದರೆ ಯಂತ್ರ ತಾನೇ ವಾಲ್ವ್ ತೆರೆದು ಬ್ಲೇಡನ್ನೋ ಬಕೆಟ್ಟನ್ನೋ ಎತ್ತಿ ಇಳಿಸುವುದು. ಎರಡಕ್ಕೂ ಕಣ್ಣು ಒಂದೇ, ಎರಡನೆಯದಕ್ಕೆ ಕೈಯೂ ಇದೆ. ತೊಂದರೆ ಕಣ್ಣಿನದೋ ಕೈಯದೋ ಎಂಬುದು ಮೊದಲು ಗೊತ್ತಾಗಬೇಕು.

ಪ್ರಶ್ನೆ: ಸರ್, ಎಂಟು ವರ್ಷದಿಂದ ಎಕ್ಸ್‌ಕವೇಟರ್ ಓಡಿಸುತ್ತಿದ್ದೇನೆ. ಪರದೆಯಲ್ಲಿ ಮಟ್ಟ ಸೊನ್ನೆಗೆ ಬಂದು ಹಸಿರು ತೋರಿಸುತ್ತದೆ. ಸರ್ವೇಯರ್ ಬಂದು ಅಳೆದರೆ ನೆಲ 4 ಸೆಂ.ಮೀ. ಎತ್ತರ ಉಳಿದಿರುತ್ತದೆ. ಬಕೆಟ್ ಸೆನ್ಸರ್ ಬದಲಾಯಿಸಿದ್ದಾಯಿತು, ಗುಣವಿಲ್ಲ. ಈಗ ಡಿಸ್‌ಪ್ಲೇ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ಬೇಡ. ಡಿಸ್‌ಪ್ಲೇ ಎಂಬುದು ಕೂಡಿ ಕಳೆದು ಲೆಕ್ಕ ಒಪ್ಪಿಸುವ ಗುಮಾಸ್ತ. ಅದು ಬಕೆಟ್ಟನ್ನು ಕಂಡೇ ಇಲ್ಲ. ಕ್ಯಾಬಿನ್ನಿನ ಹಿಂದಿರುವ ಎರಡು ಆಂಟೆನಾಗಳು ಯಂತ್ರ ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಹೇಳುತ್ತವೆ. ಮೈಮೇಲಿನ ಸೆನ್ಸರ್ ಯಂತ್ರ ಎಷ್ಟು ವಾಲಿದೆ ಎಂದು ಹೇಳುತ್ತದೆ. ಅಲ್ಲಿಂದ ಮುಂದೆ ಬೂಮಿನ ಕೋನ, ಆರ್ಮಿನ ಕೋನ, ಬಕೆಟ್ಟಿನ ಕೋನ. ಒಂದು ಕೀಲಿನ ಪಿನ್ನಿನಿಂದ ಮುಂದಿನ ಪಿನ್ನಿಗೆ ಎಷ್ಟು ಉದ್ದ ಎಂಬುದನ್ನು ವ್ಯವಸ್ಥೆ ಕೂರಿಸಿದ ದಿನ ಯಾರೋ ಅಳೆದು ತುಂಬಿರುತ್ತಾರೆ. ಕೊನೆಯ ಉದ್ದ ಬಕೆಟ್ ಪಿನ್ನಿನಿಂದ ಹಲ್ಲಿನ ತುದಿಯವರೆಗೆ. ಬೂಮ್ ಗಿಡ್ಡವಾಗುವುದಿಲ್ಲ, ಆರ್ಮ್ ಗಿಡ್ಡವಾಗುವುದಿಲ್ಲ. ಹಲ್ಲು ಆಗುತ್ತದೆ. 4 ಸೆಂ.ಮೀ. ಸವೆದ ಹಲ್ಲಿನ ತುದಿ ಇನ್ನೂ ಹಳೆಯ ಜಾಗದಲ್ಲೇ ಇದೆ ಎಂದು ಗುಮಾಸ್ತ ನಂಬಿಕೊಂಡಿದ್ದರೆ, ನೀವು ಹಸಿರಿಗೆ ನಿಲ್ಲಿಸಿದ ಕಡೆಯಲ್ಲೆಲ್ಲ 4 ಸೆಂ.ಮೀ. ಮಣ್ಣು ಉಳಿಯುತ್ತದೆ.

ಊಹೆ ಬೇಡ, ಪರೀಕ್ಷಿಸಿಯೇ ನೋಡಿ. ಗಟ್ಟಿ ನೆಲದಲ್ಲಿ ಒಂದು ಗೂಟ ಹೊಡೆಸಿ, ಅದರ ತಲೆಯ ಎತ್ತರವನ್ನು ಸರ್ವೇಯರ್ ಕೈಯಲ್ಲಿ ಅಳೆಸಿ ಬರೆದುಕೊಳ್ಳಿ. ಮೊದಲು ಹಲ್ಲು ನೇರ ಕೆಳಮುಖವಾಗಿರುವಂತೆ ಬಕೆಟ್ ಹಿಡಿದು ನಡುಹಲ್ಲಿನ ತುದಿಯನ್ನು ಗೂಟದ ತಲೆಗೆ ಮುಟ್ಟಿಸಿ, ಪರದೆ ತೋರಿಸುವ ಎತ್ತರ ಬರೆದುಕೊಳ್ಳಿ. ಆಮೇಲೆ ಬಕೆಟ್ಟನ್ನು ಹೊರಕ್ಕೆ ತಿರುಗಿಸಿ, ಹಲ್ಲು ನೆಲಕ್ಕೆ ಸಮಾನಾಂತರವಾಗಿ ಮಲಗುವಂತೆ ಮಾಡಿ ಅದೇ ತುದಿಯನ್ನು ಮತ್ತೆ ಮುಟ್ಟಿಸಿ. ಹಲ್ಲು ನಿಂತಾಗ ಇದ್ದ 4 ಸೆಂ.ಮೀ. ತಪ್ಪು ಹಲ್ಲು ಮಲಗಿದಾಗ ಎತ್ತರದಲ್ಲಿ ಬಹುಪಾಲು ಮಾಯವಾಗಿ, ಅಡ್ಡ ಅಂತರದಲ್ಲಿ ಕಾಣಿಸಿಕೊಂಡರೆ ಕಳ್ಳ ಹಲ್ಲೇ. ಸವೆತ ಇರುವುದು ಹಲ್ಲಿನ ಉದ್ದಕ್ಕೆ. ಹಲ್ಲು ಎತ್ತ ತಿರುಗಿದರೆ ತಪ್ಪೂ ಅತ್ತ ತಿರುಗುತ್ತದೆ. ಬಕೆಟ್ಟನ್ನು ನೆಲಕ್ಕಿಟ್ಟು, ಎಂಜಿನ್ ಆರಿಸಿ, ಪಿನ್ನಿನಿಂದ ತುದಿಗೆ ಟೇಪ್ ಹಿಡಿದು ಹೊಸ ಉದ್ದ ತುಂಬಿ. ನಾಳೆ ಹೊಸ ಹಲ್ಲು ಹಾಕಿಸಿದಾಗ ಮತ್ತೆ ತುಂಬಬೇಕು ಎಂಬುದನ್ನು ಮರೆತರೆ, ಇವತ್ತು ಉಳಿದಷ್ಟನ್ನೇ ಅಂದು ಹೆಚ್ಚಿಗೆ ಅಗೆದಿರುತ್ತೀರಿ. ಉಳಿದ ಮಣ್ಣನ್ನು ತೆಗೆಯಬಹುದು, ಹೆಚ್ಚಿಗೆ ಅಗೆದದ್ದನ್ನು ತುಂಬಿ ದಮ್ಮಸು ಮಾಡಬೇಕು; ಎರಡನೆಯದು ದುಬಾರಿ.

ಹಲ್ಲು ನಿರಪರಾಧಿ ಎಂದಾದರೆ, ಆರ್ಮನ್ನು ಒಳಗೆ ಎಳೆದುಕೊಂಡು ಒಮ್ಮೆ, ಪೂರ್ತಿ ಚಾಚಿ ಒಮ್ಮೆ ಅದೇ ಗೂಟ ಮುಟ್ಟಿಸಿ. ಚಾಚಿದಷ್ಟೂ ತಪ್ಪು ಬೆಳೆಯುತ್ತಿದ್ದರೆ ಕೋನದಲ್ಲಿ ದೋಷವಿದೆ. 6 ಮೀಟರ್ ಉದ್ದದ ಬೂಮಿನಲ್ಲಿ ಡಿಗ್ರಿಯ ಹತ್ತರಲ್ಲಿ ಒಂದು ಪಾಲು ತಪ್ಪಿದರೆ ತುದಿಯಲ್ಲಿ ಒಂದು ಸೆಂಟಿಮೀಟರ್ ತಪ್ಪುತ್ತದೆ. ಸೆನ್ಸರಿನ ಬೋಲ್ಟ್ ಸಡಿಲವಾಗಿದ್ದರೂ ಇಷ್ಟಾಗುತ್ತದೆ, ಪಿನ್ನು ಬುಶ್ ಸವೆದಿದ್ದರೂ ಇಷ್ಟಾಗುತ್ತದೆ. ಬಕೆಟ್ಟನ್ನು ನೆಲಕ್ಕೆ ತಾಗಿಸಿ ಸ್ವಲ್ಪ ಒತ್ತಿ, ಸ್ವಲ್ಪ ಎತ್ತಿ ನೋಡಿ. ಸವೆದ ಬುಶ್‌ನೊಳಗೆ ಪಿನ್ ಕುಣಿಯುವುದು ಹತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ. ಹತ್ತು ಹೆಜ್ಜೆ ಎಂದದ್ದು ಸುಮ್ಮನೆ ಅಲ್ಲ. ಲಿವರ್ ಜೀವಂತ ಇರುವಾಗ ಬಕೆಟ್ಟಿನ ಹತ್ತಿರ ಟೇಪ್ ಹಿಡಿದು ಯಾರೂ ನಿಲ್ಲಬಾರದು, ಗೂಟ ಹಿಡಿಯುವ ಹೆಲ್ಪರ್ ಕೂಡ.

ಬಕೆಟ್ ಹೇಗೇ ಹಿಡಿದರೂ ತಪ್ಪು 4 ಸೆಂ.ಮೀ.ಯೇ ಇದ್ದರೆ ತೋಳನ್ನು ಬಿಟ್ಟುಬಿಡಿ. ಆಗ ತಪ್ಪು ಬೇಸ್ ಸ್ಟೇಷನ್ನಿನಲ್ಲೋ (ಗೊತ್ತಿರುವ ಜಾಗದಲ್ಲಿ ನಿಂತು ಯಂತ್ರಗಳಿಗೆ ತಿದ್ದುಪಡಿ ಕಳಿಸುವ ರಿಸೀವರ್), ತುಂಬಿದ ವಿನ್ಯಾಸದಲ್ಲೋ, ಇಲ್ಲವೇ ಯಾರೋ ಹಾಕಿ ಮರೆತ ಆಫ್‌ಸೆಟ್‌ನಲ್ಲೋ (ವಿನ್ಯಾಸದ ಮಟ್ಟಕ್ಕೆ ಬೇಕೆಂದೇ ಕೂಡಿಸುವ ಅಥವಾ ಕಳೆಯುವ ಎತ್ತರ) ಇದೆ. ನ್ಯಾಯವಾಗಿ ಈ ಆಫ್‌ಸೆಟ್ಟನ್ನೇ ಎಲ್ಲಕ್ಕಿಂತ ಮೊದಲು ನೋಡಬೇಕು; ನಾನು ಕೊನೆಗೆ ಹೇಳುತ್ತಿರುವುದು ಒಂದು ಹಳೆಯ ನಾಚಿಕೆಯಿಂದ. ಒಮ್ಮೆ 15 ಸೆಂ.ಮೀ. ತಪ್ಪು ತೋರಿಸುತ್ತಿದ್ದ ಯಂತ್ರವನ್ನು ಬೆಳಗ್ಗೆಯಿಂದ ಅಳೆದೂ ಅಳೆದೂ ಸುಸ್ತಾಗಿದ್ದೆ. ಮಧ್ಯಾಹ್ನ ಕ್ಯಾಬಿನ್ ಒರೆಸಲು ಹತ್ತಿದ ಹೆಲ್ಪರ್ ಹುಡುಗ ಪರದೆಯ ಮೂಲೆಯಲ್ಲಿದ್ದ ಸಣ್ಣ ಅಂಕಿ ತೋರಿಸಿ, "ಇದು ಇಲ್ಲಿ ಯಾಕಿದೆ ಸರ್?" ಎಂದ. ಜಲ್ಲಿಯ ಪದರಕ್ಕೆಂದು ರಾತ್ರಿ ಪಾಳಿಯವರು ಹಾಕಿ, ಹಾಗೆಯೇ ಬಿಟ್ಟು ಹೋಗಿದ್ದ 15. ಬಕೆಟ್ ಪಟ್ಟಿಯನ್ನೂ ಹಾಗೆಯೇ ನೋಡಿ. ಅಗಲದ ಬಕೆಟ್ ತೆಗೆದು ಹಲ್ಲಿನ ಬಕೆಟ್ ಹಾಕಿ, ಪರದೆಯಲ್ಲಿ ಹಳೆಯದನ್ನೇ ಉಳಿಸಿಕೊಂಡವರು ನೀವು ಮೊದಲಿಗರೇನಲ್ಲ.

ಪ್ರಶ್ನೆ: ನಾನು ಡೋಜರ್ ಆಪರೇಟರ್, ಹೆಚ್ಚಾಗಿ ರಾತ್ರಿ ಪಾಳಿ. ಸಂಜೆ ಕತ್ತಲಾಗಿ ಒಂದು ಗಂಟೆ ಕಳೆಯುತ್ತಿದ್ದಂತೆ 'ಫಿಕ್ಸ್ಡ್' (ಸೆಂಟಿಮೀಟರ್ ನಿಖರತೆ) ಹೋಗಿ 'ಫ್ಲೋಟ್' (ಒರಟು ಅಂದಾಜು) ಬರುತ್ತದೆ. ಹತ್ತು, ಹನ್ನೊಂದರ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಹಗಲು ಪಾಳಿಯವರು ತೊಂದರೆಯೇ ಇಲ್ಲ ಎನ್ನುತ್ತಾರೆ. ರೇಡಿಯೋ ಬದಲಿಸಿದರು, ಆಂಟೆನಾ ಕೇಬಲ್ ಬದಲಿಸಿದರು. ನನಗೆ ನಿದ್ದೆಗಣ್ಣು ಎಂದು ನಗುವವರೂ ಇದ್ದಾರೆ.

ಉತ್ತರ: ನಗುವವರನ್ನು ಒಂದು ವಾರ ರಾತ್ರಿ ಪಾಳಿಗೆ ಹಾಕಬೇಕು. ನಿಮ್ಮ ಪತ್ರದಲ್ಲಿ ಗಂಟೆ ಬರೆದಿದ್ದೀರಲ್ಲ, ಅದಕ್ಕೆ ನಿಮಗೆ ನಮಸ್ಕಾರ. ಬಂದು ಹೋಗುವ ತೊಂದರೆಗೆ ಗಡಿಯಾರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಉಪಗ್ರಹದಿಂದ ಸೆಂಟಿಮೀಟರ್ ಲೆಕ್ಕದ ನಿಖರತೆ ಸಿಗಬೇಕಾದರೆ ಎರಡು ದಾರಿಗಳು ತೆರೆದಿರಬೇಕು. ಒಂದು, ಆಕಾಶದಿಂದ ಯಂತ್ರಕ್ಕೆ. ಇನ್ನೊಂದು, ಬೇಸ್ ಸ್ಟೇಷನ್ನಿನಿಂದ ರೇಡಿಯೋ ಅಥವಾ ಮೊಬೈಲ್ ಜಾಲದ ಮೂಲಕ ಬರುವ ತಿದ್ದುಪಡಿಯ ದಾರಿ. ಯಾವುದು ಮುಚ್ಚಿದೆ ಎಂದು ಪರದೆಯೇ ಹೇಳುತ್ತದೆ, ಯಾರೂ ಆ ಪುಟ ತೆರೆಯುವುದಿಲ್ಲ ಅಷ್ಟೇ. ಉಪಗ್ರಹಗಳ ಮಾಹಿತಿ ಇರುವ ಪುಟದಲ್ಲಿ ತಿದ್ದುಪಡಿಯ ವಯಸ್ಸು ಎಂಬ ಒಂದು ಅಂಕಿ ಇರುತ್ತದೆ. ಸಾಮಾನ್ಯವಾಗಿ ಅದು ಒಂದೆರಡು ಸೆಕೆಂಡ್. ಫ್ಲೋಟ್ ಬರುವ ಹೊತ್ತಿಗೆ ಅದು ಹತ್ತು, ಇಪ್ಪತ್ತು, ಮೂವತ್ತು ಎಂದು ಏರುತ್ತಿದ್ದರೆ ತಿದ್ದುಪಡಿ ಬರುತ್ತಿಲ್ಲ. ರೇಡಿಯೋ ಕಡೆ ಹೋಗಿ. ಅದು ಒಂದು ಸೆಕೆಂಡಿನಲ್ಲೇ ನೆಮ್ಮದಿಯಾಗಿ ಕುಳಿತಿದ್ದು, ಲೆಕ್ಕಕ್ಕೆ ಸಿಗುವ ಉಪಗ್ರಹಗಳ ಸಂಖ್ಯೆ ಮಾತ್ರ ಏರಿಳಿಯುತ್ತಿದ್ದರೆ ರೇಡಿಯೋಗೆ ಕೈ ಹಚ್ಚಬೇಡಿ. ತೊಂದರೆ ಮೇಲಿದೆ.

ನೀವು ಹೇಳುವ ಹೊತ್ತು ನೋಡಿದರೆ ನನ್ನ ಅನುಮಾನ ಅಯಾನುಗೋಳದ ಮೇಲೆ. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ಸೂರ್ಯನ ಕಿರಣದಿಂದ ವಿದ್ಯುದಾವೇಶ ಪಡೆದ ಪದರ ಅದು. ಭೂಕಾಂತೀಯ ಸಮಭಾಜಕದ ಎರಡೂ ಬದಿಗೆ ಸುಮಾರು 20 ಡಿಗ್ರಿಯ ಪಟ್ಟಿಯಲ್ಲಿ ಸೂರ್ಯ ಮುಳುಗಿದ ಮೇಲೆ ಆ ಪದರ ಕದಡುತ್ತದೆ, ಗುಳ್ಳೆಗಳು ಏಳುತ್ತವೆ. ಅದರ ಮೂಲಕ ಹಾದು ಬರುವ ಸಂಕೇತ, ನಕ್ಷತ್ರ ಮಿನುಗಿದಂತೆ, ಮಿನುಗುತ್ತದೆ. ರಿಸೀವರ್ ಎಣಿಸುತ್ತಿದ್ದ ಅಲೆಗಳ ಲೆಕ್ಕ ತಪ್ಪುತ್ತದೆ. ನಡುರಾತ್ರಿಯ ಆಸುಪಾಸಿಗೆ ಶಾಂತವಾಗುತ್ತದೆ. ಸಾಮಾನ್ಯವಾಗಿ ಹಗಲು ರಾತ್ರಿ ಸಮವಾಗಿರುವ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ, ಅದರಲ್ಲೂ ಸುಮಾರು 11 ವರ್ಷಕ್ಕೊಮ್ಮೆ ಬರುವ ಸೌರ ಚಟುವಟಿಕೆಯ ಏರುಗಾಲದಲ್ಲಿ ಇದರ ಕಾಟ ಹೆಚ್ಚು. ಇದಕ್ಕಿಂತ ಬೇರೆಯದು, ಆದರೆ ಸೂರ್ಯನದೇ ಕಿತಾಪತಿ: 2024ರ ಮೇ 10 ಮತ್ತು 11ರ ಭೂಕಾಂತೀಯ ಬಿರುಗಾಳಿಯಲ್ಲಿ ಅಮೆರಿಕದಲ್ಲಿ ಬಿತ್ತನೆಗೆ ಇಳಿದಿದ್ದ ಟ್ರ್ಯಾಕ್ಟರುಗಳ ಉಪಗ್ರಹ ಮಾರ್ಗದರ್ಶನ ಕೈಕೊಟ್ಟು ರೈತರು ಕೆಲಸ ನಿಲ್ಲಿಸಬೇಕಾಯಿತು.

ಖಚಿತ ಮಾಡಿಕೊಳ್ಳಲು ಹತ್ತು ದಿನ ನಿಮಿಷ ಸಮೇತ ಬರೆದಿಡಿ. ಜಿಪಿಎಸ್ ಉಪಗ್ರಹಗಳ ಆಕಾಶ ಚಿತ್ರ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಮರಳಿ ಬರುತ್ತದೆ. ನಕ್ಷತ್ರದ ದಿನ 23 ಗಂಟೆ 56 ನಿಮಿಷದ್ದು ನೋಡಿ. ತೊಂದರೆ ದಿನಕ್ಕೆ 4 ನಿಮಿಷದಂತೆ, ಹತ್ತು ದಿನಕ್ಕೆ 40 ನಿಮಿಷ ಹಿಂದಕ್ಕೆ ಸರಿಯುತ್ತಿದ್ದರೆ ಯಾವುದೋ ಗುಡ್ಡ, ಮರ, ಗೋಪುರ ನಿರ್ದಿಷ್ಟ ಉಪಗ್ರಹವನ್ನು ಮರೆಮಾಡುತ್ತಿದೆ. ಸೂರ್ಯಾಸ್ತಕ್ಕೆ ಅಂಟಿಕೊಂಡಿದ್ದರೆ ಅಯಾನುಗೋಳ. ಗಡಿಯಾರಕ್ಕೆ ಅಂಟಿಕೊಂಡಿದ್ದರೆ ಮನುಷ್ಯ. ನನ್ನದೇ ಅನುಭವ: ಒಂದು ಕಡೆ ದಿನವೂ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಮೂರು ಯಂತ್ರಗಳೂ ಕುರುಡಾಗುತ್ತಿದ್ದವು. ಮೂರನೆಯ ದಿನ ಒಂದು ಗಂಟೆಗೆ ಬೇಸ್ ಸ್ಟೇಷನ್ನಿನ ಹತ್ತಿರವೇ ಹೋಗಿ ಕುಳಿತೆ. ಊಟದ ಬಿಡುವಿಗೆ ಟಿಪ್ಪರುಗಳು ಒಂದೊಂದಾಗಿ ಬಂದು ಅದರ ಸುತ್ತ ಕೋಟೆ ಕಟ್ಟಿದಂತೆ ನಿಂತವು. ರೇಡಿಯೋ ಆಂಟೆನಾ ಟಿಪ್ಪರಿನ ಡಬ್ಬದ ಎತ್ತರಕ್ಕೂ ಬರುತ್ತಿರಲಿಲ್ಲ.

ಅಯಾನುಗೋಳವೇ ಎಂದಾದರೆ ರಿಪೇರಿ ಇಲ್ಲ, ಹೊಂದಾಣಿಕೆ ಇದೆ. ಜಿಪಿಎಸ್ ಜೊತೆಗೆ ಗ್ಲೋನಾಸ್, ಗೆಲಿಲಿಯೊ, ಬೈಡೂ ಎಲ್ಲವನ್ನೂ ಬಳಸಲು ಬೇಸ್ ಮತ್ತು ಯಂತ್ರ ಎರಡರಲ್ಲೂ ಅನುಮತಿ ಇದೆಯೇ ನೋಡಿ. ಯಂತ್ರದಲ್ಲಿ ಇದ್ದು ಬೇಸ್ ಕಳಿಸದಿದ್ದರೆ ಉಪಯೋಗವಿಲ್ಲ. ಬೇಸನ್ನು ಕೆಲಸದ ಹತ್ತಿರಕ್ಕೆ ತನ್ನಿ. ಆ ಎರಡು ಮೂರು ಗಂಟೆ ಮಣ್ಣು ತಳ್ಳುವ ಒರಟು ಕೆಲಸ ಇಟ್ಟುಕೊಳ್ಳಿ, ಕೊನೆಯ ಮಟ್ಟದ ಕೆಲಸ ಬೇಡ. ಬೇಕೇಬೇಕಾದರೆ ಲೇಸರ್ ಇಲ್ಲವೇ ನೆಲದ ಮೇಲೆ ನಿಂತು ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್. ಅವಕ್ಕೆ ಆಕಾಶದ ಹಂಗಿಲ್ಲ. ಫ್ಲೋಟ್ ಇರುವಾಗ ಆಟೋ ಹಾಕಿ ಮಟ್ಟ ಮಾಡುವುದು ಮಾತ್ರ ಬೇಡ. ತಪ್ಪು ಕೆಲವು ಡೆಸಿಮೀಟರ್‌ಗೂ ಹೋಗಬಹುದು, ಬ್ಲೇಡ್ ಮಾತ್ರ ಅದೇ ಆತ್ಮವಿಶ್ವಾಸದಿಂದ ಇಳಿಯುತ್ತದೆ.

ಪ್ರಶ್ನೆ: ಎಚ್ಚರಿಕೆ ಕೋಡುಗಳನ್ನು ಅಳಿಸುವ ಸುಲಭ ದಾರಿ ತಿಳಿಸಿ.

ಉತ್ತರ: ತಿಳಿಸುವುದಿಲ್ಲ. ಮೊದಲು ಅವನ್ನು ಬರೆದುಕೊಳ್ಳಿ, ಎಷ್ಟು ಬಾರಿ ಬಂದಿವೆ ಎಂಬುದನ್ನೂ ಸೇರಿಸಿ. ಮೊಬೈಲಿನಲ್ಲಿ ಫೋಟೋ ತೆಗೆದರೂ ಆದೀತು. ಅಳಿಸಿದ ಕೋಡ್ ಎಂದರೆ ಹರಿದು ಹಾಕಿದ ರೋಗಿಯ ಚೀಟಿ.

ಪ್ರಶ್ನೆ: ನಮ್ಮ ಮೋಟಾರ್ ಗ್ರೇಡರ್‌ನಲ್ಲಿ ಆಟೋ ಒತ್ತಿದರೆ ಬ್ಲೇಡ್ ನಡುಗುತ್ತದೆ. ಹಿಂದೆ ತಿರುಗಿ ನೋಡಿದರೆ ನೆಲ ಹಂಚು ಹೊದೆಸಿದಂತೆ ಅಲೆ ಅಲೆ. ಕೈಯಲ್ಲಿ ಓಡಿಸಿದರೆ ಪರವಾಗಿಲ್ಲ. ಗೇನ್ (ತಪ್ಪು ಕಂಡಾಗ ಎಷ್ಟು ಜೋರಾಗಿ ತಿದ್ದಬೇಕು ಎಂಬ ಅಂಕಿ) ಕಡಿಮೆ ಮಾಡಿದೆ, ನಡುಕ ನಿಂತಿತು. ಆದರೆ ಈಗ ಬ್ಲೇಡ್ ಮಟ್ಟ ಹಿಡಿಯಲು ತಡ ಮಾಡುತ್ತದೆ.

ಉತ್ತರ: ಗೇನ್ ಇಳಿಸಿ ಜ್ವರಕ್ಕೆ ಕಂಬಳಿ ಹೊದೆಸಿದ್ದೀರಿ. ಮತ್ತೆ ಹಳೆಯ ಅಂಕಿಗೇ ತಂದು, ಆ ಅಲೆಗಳನ್ನು ಅಳೆಯಿರಿ. ನಿಜವಾಗಿಯೂ, ಟೇಪ್ ಹಿಡಿದು. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಎಷ್ಟು?

ಗಂಟೆಗೆ 4 ಕಿ.ಮೀ. ವೇಗದಲ್ಲಿ 55 ಸೆಂ.ಮೀ.ಗೆ ಒಂದು ಉಬ್ಬು ಇದ್ದರೆ, ಯಂತ್ರ ಸೆಕೆಂಡಿಗೆ 1.1 ಮೀಟರ್ ಹೋಗುತ್ತದೆ, ಅಂದರೆ ಬ್ಲೇಡ್ ಸೆಕೆಂಡಿಗೆ ಎರಡು ಬಾರಿ ಕುಣಿಯುತ್ತಿದೆ. ಈಗ 8 ಕಿ.ಮೀ. ವೇಗದಲ್ಲಿ ಇನ್ನೊಂದು ಪಟ್ಟಿ ಎಳೆಯಿರಿ. ಉಬ್ಬುಗಳ ಅಂತರ 1.1 ಮೀಟರಿಗೆ ಹಿಗ್ಗಿದರೆ ಕುಣಿತ ಈಗಲೂ ಸೆಕೆಂಡಿಗೆ ಎರಡೇ. ಅದು ಸಮಯಕ್ಕೆ ಕಟ್ಟುಬಿದ್ದ ಕುಣಿತ, ಅಂದರೆ ಕಂಟ್ರೋಲ್ ಮತ್ತು ವಾಲ್ವಿನ ಜಗಳ. ವೇಗ ಎಷ್ಟಾದರೂ ಅಂತರ 55 ಸೆಂ.ಮೀ.ಯೇ ಇದ್ದರೆ ನೆಲದಲ್ಲಿ ಮೊದಲೇ ಇದ್ದ ಅಲೆಯನ್ನು ಚಕ್ರ ಹತ್ತಿ ಇಳಿದು ಬ್ಲೇಡಿಗೆ ದಾಟಿಸುತ್ತಿದೆ. ಅದಕ್ಕೆ ಗೇನ್ ಏನೂ ಮಾಡಲಾರದು, ಅಲೆಯ ತಳದವರೆಗೆ ಕೆರೆದು ತೆಗೆಯಬೇಕು.

ಜಗಳ ವಾಲ್ವಿನದಾದರೆ ಮೊದಲು ಕಬ್ಬಿಣ ನೋಡಿ, ಆಮೇಲೆ ಅಂಕಿ. ಬ್ಲೇಡ್ ಎತ್ತುವ ಸಿಲಿಂಡರಿನ ಗುಂಡುಕೀಲು, ಬ್ಲೇಡನ್ನು ತಿರುಗಿಸುವ ಸರ್ಕಲ್ಲಿನ ಸವೆತದ ಪಟ್ಟಿಗಳು, ಆಂಟೆನಾ ಹೊತ್ತ ಮಾಸ್ಟ್ ಇದ್ದರೆ ಅದರ ಬೋಲ್ಟುಗಳು. ಇಲ್ಲಿ ಸಡಿಲ ಇದ್ದರೆ ವಾಲ್ವ್ ತೆರೆದು ಸಿಲಿಂಡರ್ ಚಲಿಸಿದರೂ ಬ್ಲೇಡ್ ತಕ್ಷಣ ಕದಲುವುದಿಲ್ಲ. ಕಂಟ್ರೋಲ್ "ಇನ್ನೂ ಬೇಕು" ಎನ್ನುತ್ತದೆ, ಅಷ್ಟರಲ್ಲಿ ಬ್ಲೇಡ್ ದಡಕ್ಕನೆ ಬಂದು ಗುರಿ ದಾಟುತ್ತದೆ, "ವಾಪಸ್" ಎನ್ನುತ್ತದೆ, ಮತ್ತೆ ದಾಟುತ್ತದೆ. ಮಾಸ್ಟ್ ಅಲ್ಲಾಡುತ್ತಿದ್ದರಂತೂ ಬ್ಲೇಡ್ ಸುಮ್ಮನಿದ್ದರೂ ಆಂಟೆನಾ ಕುಣಿದು ಬ್ಲೇಡನ್ನೂ ಕುಣಿಸುತ್ತದೆ. ಸಡಿಲ ತೆಗೆದ ಮೇಲೆ ವಾಲ್ವ್ ಕ್ಯಾಲಿಬ್ರೇಷನ್ ಮಾಡಿ. ಪ್ರತಿ ವಾಲ್ವಿಗೂ ಸಿಲಿಂಡರ್ ಕದಲಲು ಇಷ್ಟು ಕರೆಂಟ್ ಬೇಕೇಬೇಕು ಎಂಬ ಹೊಸ್ತಿಲು ಇರುತ್ತದೆ. ಎತ್ತಲು ಒಂದು, ಇಳಿಸಲು ಇನ್ನೊಂದು. ಆ ಹೊಸ್ತಿಲನ್ನು ವ್ಯವಸ್ಥೆ ತಪ್ಪಾಗಿ ತಿಳಿದಿದ್ದರೂ ಇದೇ ನಡುಕ.

ಇಲ್ಲೇ ಒಂದು ತಪ್ಪೊಪ್ಪಿಗೆ. ಕಳೆದ ತಿಂಗಳು ವಾಲ್ವ್ ಕ್ಯಾಲಿಬ್ರೇಷನ್ನನ್ನು ಬೆಳಗ್ಗೆ ಕೆಲಸ ಶುರುವಾಗುವ ಮೊದಲೇ ಮುಗಿಸಿಬಿಡಿ ಎಂದು ಬರೆದಿದ್ದೆ. ಒಬ್ಬ ಹಿರಿಯ ಮೆಕ್ಯಾನಿಕ್ ಕಾರ್ಡ್ ಬರೆದು ಬೈದಿದ್ದಾರೆ, ನ್ಯಾಯವಾಗಿಯೇ. ತಣ್ಣಗಿನ ಎಣ್ಣೆ ದಪ್ಪ. ಅದರಲ್ಲಿ ಹಿಡಿದ ಹೊಸ್ತಿಲು ಎಣ್ಣೆ ಕಾದ ಮೇಲೆ ಸುಳ್ಳಾಗುತ್ತದೆ. ಅರ್ಧ ಗಂಟೆ ಕೆಲಸ ಮಾಡಿಸಿ, ಎಣ್ಣೆ ತನ್ನ ದಿನದ ಬಿಸಿಗೆ ಬಂದ ಮೇಲೆ, ತಯಾರಕರ ಕೈಪಿಡಿ ಹೇಳಿದ ಎಂಜಿನ್ ವೇಗದಲ್ಲಿ ಮಾಡಬೇಕು. ಆ ಹೊತ್ತಿನಲ್ಲಿ ಬ್ಲೇಡ್ ತಾನಾಗಿ ಚಲಿಸುತ್ತದೆ, ಸುತ್ತ ಯಾರೂ ಇರಬಾರದು. ಬೆಳಗ್ಗೆ ಎಂದು ಬರೆದಾಗ ನನ್ನ ತಲೆಯಲ್ಲಿ ಇದ್ದದ್ದು ಸೈಟಿನಲ್ಲಿ ಜನ ಇಲ್ಲದ ಹೊತ್ತು, ಎಣ್ಣೆಯನ್ನು ಮರೆತೆ.

ಪ್ರಶ್ನೆ: ಎರಡು ತಿಂಗಳಿಂದ ಒಂದು ಡೋಜರ್ ಕಾಡುತ್ತಿದೆ. ಉಬ್ಬು ತಗ್ಗು ಹತ್ತಿದಾಗ ಒಮ್ಮೆಗೇ ಹತ್ತು ಹದಿನೈದು ಕೋಡ್ ಬರುತ್ತವೆ: ಸೆನ್ಸರ್ ಸಿಗುತ್ತಿಲ್ಲ, ವಾಲ್ವ್ ಸಿಗುತ್ತಿಲ್ಲ, ರಿಸೀವರ್ ಸಿಗುತ್ತಿಲ್ಲ. ಒಂದು ನಿಮಿಷದಲ್ಲಿ ಎಲ್ಲ ಸರಿ. ಮಳೆ ಬಂದ ಮರುದಿನ ಜಾಸ್ತಿ. ಎಲ್ಲಿಂದ ಶುರು ಮಾಡಲಿ? ನಾನು ಎಲೆಕ್ಟ್ರಿಷಿಯನ್, ಆದರೆ ಕಂಪ್ಯೂಟರ್ ಕೆಲಸ ಗೊತ್ತಿಲ್ಲ.

ಉತ್ತರ: ಕಂಪ್ಯೂಟರ್ ಬೇಕಿಲ್ಲ, ನಿಮ್ಮ ಮಲ್ಟಿಮೀಟರ್ ಸಾಕು. ಹದಿನೈದು ಸಾಧನ ಒಟ್ಟಿಗೆ ಸಾಯುವುದಿಲ್ಲ. ಒಟ್ಟಿಗೆ ಕಾಣೆಯಾಗುತ್ತವೆ ಎಂದರೆ ಅವೆಲ್ಲ ನಡೆಯುವ ಒಂದೇ ದಾರಿ ಕಡಿದಿದೆ ಎಂದು ಅರ್ಥ. ದಾರಿಗಳು ಎರಡು: ವಿದ್ಯುತ್ತು, ಮತ್ತು ಕ್ಯಾನ್ ಬಸ್ ಎಂದು ಕರೆಯುವ ಎರಡು ತಂತಿಗಳ ಹುರಿ. 1986ರಲ್ಲಿ ಬಾಷ್ ಕಂಪನಿ ಕಾರುಗಳಿಗೆಂದು ಹೊರತಂದದ್ದು ಇದು. ಈಗ ಭಾರೀ ಯಂತ್ರಗಳಲ್ಲಿ ಹೆಚ್ಚಾಗಿ ಜೆ1939 ಎಂಬ ನಿಯಮಾವಳಿಯಡಿ ಓಡುತ್ತದೆ. ಎಲ್ಲ ಸಾಧನಗಳೂ ಆ ಎರಡು ತಂತಿಗಳ ಮೇಲೆಯೇ ಮಾತನಾಡುತ್ತವೆ.

ಹುರಿಯ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಮಾಸ್ಟರ್ ಸ್ವಿಚ್ ಆರಿಸಿ, ಎಲ್ಲವೂ ಮಲಗಿದ ಮೇಲೆ, ಪರೀಕ್ಷೆಯ ಕನೆಕ್ಟರಿನಲ್ಲಿ ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಓಮ್ ಅಳೆಯಿರಿ. ಎರಡು 120 ಸಮಾನಾಂತರದಲ್ಲಿ ಸೇರಿ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. 40 ಬಂದರೆ ಯಾರೋ ಹೊಸ ಸಾಧನ ಸೇರಿಸುವಾಗ ಮೂರನೆಯ ರೆಸಿಸ್ಟರ್ ಸಿಕ್ಕಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿವೆ. ನಿಮ್ಮದು ಬಂದು ಹೋಗುವ ತೊಂದರೆಯಾದ್ದರಿಂದ ಸುಮ್ಮನೆ ಅಳೆದರೆ 60 ಬಂದು ನಿಮ್ಮನ್ನು ಪೆದ್ದು ಮಾಡುತ್ತದೆ. ಮೀಟರನ್ನು ಹಾಗೆಯೇ ಬಿಟ್ಟು, ಒಬ್ಬರು ಅಂಕಿ ನೋಡುತ್ತಿರಲಿ, ಇನ್ನೊಬ್ಬರು ವೈರಿಂಗನ್ನು ಒಂದು ತುದಿಯಿಂದ ಗೇಣು ಗೇಣಾಗಿ ಅಲ್ಲಾಡಿಸುತ್ತ ಬರಲಿ. 60 ಇದ್ದದ್ದು 120ಕ್ಕೆ ಜಿಗಿದ ಜಾಗದಲ್ಲಿ ನಿಲ್ಲಿ.

ನಾನು ಕೈಯಾಡಿಸುವುದು ಮೊದಲು ಬ್ಲೇಡಿನ ಕಡೆಗೆ ಹೋಗುವ ಕೇಬಲ್ ಬಾಗುವ ಜಾಗಕ್ಕೆ, ಆಮೇಲೆ ಹೋಸ್‌ಗಳ ಜೊತೆ ಟೈ ಹಾಕಿ ಬಿಗಿದ ಕಡೆಗೆ. ಹೋಸ್ ಒತ್ತಡಕ್ಕೆ ಮಿಡುಕುತ್ತದೆ, ಮಿಡುಕಿ ಮಿಡುಕಿ ತಂತಿಯ ಹೊದಿಕೆಯನ್ನು ತಿನ್ನುತ್ತದೆ. ಕನೆಕ್ಟರ್ ಬಿಚ್ಚಿದಾಗ ಹಸಿರು ಕಿಲುಬು ಕಂಡರೆ ಮಳೆಯ ಮರುದಿನದ ಒಗಟು ಬಿಡಿಸಿದಂತೆ. ಒಮ್ಮೆ ಅಂಥ ಕಿಲುಬಿನ ಜಾಡು ಹಿಡಿದು ತಂತಿಯ ಮೇಲೆ ಹೋದರೆ, ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತು. ಹಿಂದೆ ಯಾರೋ ಪರೀಕ್ಷೆಗೆಂದು ಮೀಟರಿನ ಮೊನೆ ಚುಚ್ಚಿದ್ದರು. ನೀರು ಅಲ್ಲಿಂದ ಒಳಗಿಳಿದು ತಾಮ್ರದ ಎಳೆಗಳ ನಡುವೆ ಒಂದಡಿ ಹರಿದಿತ್ತು. ಚರ್ಮ ಸುಲಿದಂತೆ ಹೊದಿಕೆ ಬಿಡಿಸಿದಾಗ ಒಳಗೆ ಹಸಿರು ಪುಡಿ, ನಡುವೆ ಮೂರೋ ನಾಲ್ಕೋ ಎಳೆ ಉಳಿದು ಇಡೀ ಯಂತ್ರದ ಮಾತನ್ನು ಹೊತ್ತಿದ್ದವು. ತಂತಿಗೆ ಚುಚ್ಚಬೇಡಿ, ಕನೆಕ್ಟರಿನ ಹಿಂದಿನಿಂದ ಅಳೆಯಿರಿ. ಒತ್ತಡದ ನೀರಿನಲ್ಲಿ ಯಂತ್ರ ತೊಳೆಯುವವರಿಗೂ ಒಂದು ಮಾತು ಹೇಳಿಡಿ.

ಹುರಿ ಶುದ್ಧವಾಗಿದ್ದರೆ ವಿದ್ಯುತ್ತಿಗೆ ಬನ್ನಿ. ಬ್ಯಾಟರಿಯಲ್ಲಿ 24 ವೋಲ್ಟ್ ಇದೆ ಎಂದು ಸಮಾಧಾನಪಡಬೇಡಿ. ವ್ಯವಸ್ಥೆ ಓಡುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಡಿಸ್‌ಪ್ಲೇಯ ಅರ್ತಿಂಗ್ ತಂತಿಗೂ ನಡುವೆ ವೋಲ್ಟ್ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒಂದು ವೋಲ್ಟ್ ಕಂಡರೂ ಬಣ್ಣದ ಮೇಲೆ ಬಿಗಿದ ಅರ್ತಿಂಗ್ ಬೋಲ್ಟ್ ಎಲ್ಲೋ ಇದೆ.

ಕೋಡಿನ ಬಗ್ಗೆಯೂ ಬರೆದಿದ್ದೀರಿ. ಜೆ1939ರಲ್ಲಿ ಎಸ್‌ಪಿಎನ್ ಎಂಬ ಅಂಕಿ ಯಾವುದು ಎಂದು ಹೇಳುತ್ತದೆ, ಎಫ್‌ಎಂಐ ಎಂಬುದು ಏನಾಗಿದೆ ಎಂದು. 110 ಎಂದರೆ ಎಂಜಿನ್ ಕೂಲಂಟ್ ಉಷ್ಣತೆ, 100 ಎಂದರೆ ಎಂಜಿನ್ ಆಯಿಲ್ ಒತ್ತಡ. ಎಫ್‌ಎಂಐ 3 ಅಂದರೆ ವೋಲ್ಟ್ ಮಿತಿಗಿಂತ ಹೆಚ್ಚು, 4 ಅಂದರೆ ಕಡಿಮೆ, 5 ಅಂದರೆ ಕರೆಂಟ್ ಹರಿಯುತ್ತಿಲ್ಲ, ತಂತಿ ಕಡಿದಿರಬಹುದು. 9 ಅಂದರೆ ಸಂದೇಶ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ನಿಮ್ಮ ಹದಿನೈದರಲ್ಲಿ 9 ಹೆಚ್ಚು ಇದ್ದರೆ ಮೇಲೆ ಹೇಳಿದ ಹುರಿಯೇ. ಎಣ್ಣೆಯ ಒತ್ತಡ ಕಡಿಮೆ ಎನ್ನುವ ಕೋಡೂ, ಒತ್ತಡದ ಸೆನ್ಸರಿನ ವೋಲ್ಟ್ ಕಡಿಮೆ ಎನ್ನುವ ಕೋಡೂ ಬೇರೆ ಬೇರೆ. ಮೊದಲನೆಯದಕ್ಕೆ ಎಂಜಿನ್ ತಕ್ಷಣ ಆರಿಸಬೇಕು. ಎರಡನೆಯದನ್ನೂ ಇನ್ನೊಂದು ಗೇಜಿನಲ್ಲಿ ನಿಜವಾದ ಒತ್ತಡ ಅಳೆದಲ್ಲದೆ ನಂಬಬೇಡಿ.

ಪ್ರಶ್ನೆ: ನಾನು ಸರ್ವೇಯರ್ ಸಹಾಯಕ, ಕೆಲಸಕ್ಕೆ ಸೇರಿ ಐದು ತಿಂಗಳು. ಬೇಸ್ ಸ್ಟೇಷನ್ ದಿನವೂ ನಾನೇ ನಿಲ್ಲಿಸುತ್ತೇನೆ. ಮೊನ್ನೆ ಒಂದು ದಿನ ಮೂರು ಯಂತ್ರಗಳೂ 9 ಸೆಂ.ಮೀ. ಆಳ ಅಗೆದುಬಿಟ್ಟವು. ಮರುದಿನ ತಾನಾಗಿಯೇ ಸರಿ. ನನ್ನ ತಪ್ಪೇ, ಯಂತ್ರದ್ದೇ?

ಉತ್ತರ: ಮೂರು ಯಂತ್ರ ಒಂದೇ ಅಳತೆಯಲ್ಲಿ ತಪ್ಪಿದರೆ ಯಂತ್ರಗಳನ್ನು ಬಿಟ್ಟುಬಿಡಿ, ಮೂರಕ್ಕೂ ಸಾಮಾನ್ಯವಾದದ್ದು ಬೇಸ್. ಆ ದಿನದ ನಿಮ್ಮ ಪುಸ್ತಕ ತೆರೆದು ಆಂಟೆನಾ ಎತ್ತರ ನೋಡಿ. ನಾನು ಪಂಥ ಕಟ್ಟುವುದು ಇದಕ್ಕೆ: ಟೇಪಿನಲ್ಲಿ 1.453 ಓದಿ 1.543 ಎಂದು ತುಂಬಿದಂಥ ಏನೋ ಆಗಿದೆ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಲೆಕ್ಕ ಬರೆಯುವವರಿಗೆ ಗೊತ್ತಿರುವ ಹಳೆಯ ಉಪಾಯ. ನನಗೆ ಹೇಳಿಕೊಟ್ಟವರೂ ಒಬ್ಬ ಲೆಕ್ಕಿಗರೇ. 9 ಸೆಂ.ಮೀ. ಎಂದು ಓದಿದ ಕೂಡಲೇ ಕಿವಿ ನಿಮಿರಿತು.

ದಿಕ್ಕೂ ಹೊಂದುತ್ತದೆ. ಆಂಟೆನಾ ಇರುವುದಕ್ಕಿಂತ ಎತ್ತರದಲ್ಲಿದೆ ಎಂದು ತುಂಬಿದರೆ ಯಂತ್ರಗಳೂ ತಾವು ಎತ್ತರದಲ್ಲಿದ್ದೇವೆ ಎಂದುಕೊಂಡು ಇನ್ನಷ್ಟು ಇಳಿಯುತ್ತವೆ. ಹಾಗೆಯೇ ಓರೆ ಎತ್ತರವನ್ನು ನೇರ ಎತ್ತರದ ಜಾಗದಲ್ಲಿ ತುಂಬುವವರಿದ್ದಾರೆ. ಅಲ್ಲಿ ತಪ್ಪು ಕೆಲವೇ ಮಿಲಿಮೀಟರ್‌ನಿಂದ ಒಂದು ಸೆಂ.ಮೀ. ತನಕ, ಆದ್ದರಿಂದ ತಿಂಗಳುಗಟ್ಟಲೆ ಯಾರಿಗೂ ಕಾಣುವುದಿಲ್ಲ. ಇನ್ನು ಮೇಲೆ ಎತ್ತರವನ್ನು ಎರಡು ಸಲ ಅಳೆಯಿರಿ, ತುಂಬಿದ ಅಂಕಿಯನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಯಂತ್ರಗಳು ಹೊರಡುವ ಮೊದಲು ರೋವರ್ ಕೋಲನ್ನು (ಕೈಯಲ್ಲಿ ಹಿಡಿಯುವ ರಿಸೀವರಿನ ಕೋಲು) ಗೊತ್ತಿರುವ ಒಂದು ಗೂಟದ ಮೇಲಿಟ್ಟು ನೋಡಿ. ಸಾಧ್ಯವಾದರೆ ತ್ರಿಪಾದಿ ಬಿಟ್ಟು ಕಾಂಕ್ರೀಟಿನ ಶಾಶ್ವತ ಕಂಬ ಕೇಳಿ. ನಿಮ್ಮ ಮೇಲಿನವರು ಕೊಡದಿದ್ದರೆ ಈ ಪುಟ ತೋರಿಸಿ. ತಪ್ಪು ನಿಮ್ಮದೇ ಎಂದಾದರೆ ಹೋಗಿ ಹೇಳಿಬಿಡಿ. ಇಲ್ಲದಿದ್ದರೆ ನಾಳೆ ಯಾರೋ ಒಂದು ಒಳ್ಳೆಯ ಸೆನ್ಸರ್ ಬಿಚ್ಚುತ್ತಾರೆ.

ಪ್ರಶ್ನೆ: ಹಳೆಯ ಯಂತ್ರವೊಂದರ ರಿಸೀವರ್ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿದೆ. ಒಳಗಿನ ಬ್ಯಾಟರಿ ಹೋಗಿರಬಹುದೇ?

ಉತ್ತರ: ಎಷ್ಟು ದಿನ ಹಿಂದೆ ಎಂದು ಎಣಿಸಿ. ಸರಿಯಾಗಿ 7168 ದಿನ ಬಂದರೆ ಬ್ಯಾಟರಿಯಲ್ಲ. ಜಿಪಿಎಸ್ ತನ್ನ ಹಳೆಯ ಸಂದೇಶದಲ್ಲಿ ವಾರಗಳನ್ನು 0ಯಿಂದ 1023ರವರೆಗೆ ಮಾತ್ರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1024 ವಾರ ಎಂದರೆ 7168 ದಿನ, ಹತ್ತೊಂಬತ್ತೂವರೆ ವರ್ಷಕ್ಕೆ ಸ್ವಲ್ಪ ಹೆಚ್ಚು. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗೆ ತಿರುಗಿತು. ಕೆಲವು ರಿಸೀವರುಗಳ ತಂತ್ರಾಂಶ ಆ ದಿನ ದಾಟಿಕೊಂಡರೂ ತನ್ನದೇ ಲೆಕ್ಕದ ಇನ್ನೊಂದು ದಿನ ಮುಗ್ಗರಿಸುತ್ತದೆ. ತಯಾರಕರಲ್ಲಿ ಹೊಸ ತಂತ್ರಾಂಶ ಇದೆಯೇ ಕೇಳಿ, ಹಾಕಿಸುವ ಮೊದಲು ಕ್ಯಾಲಿಬ್ರೇಷನ್ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಸರದಿ 2038ರ ನವೆಂಬರ್. ಆಗಿನ ಪತ್ರಗಳಿಗೆ ಉತ್ತರಿಸಲು ಸಂಪಾದಕರು ಬೇರೆ ಯಾರನ್ನಾದರೂ ಹುಡುಕಿಕೊಂಡಿರುತ್ತಾರೆ.